ಸುದ್ದಿ ಮುಟ್ಟುವ ತನಕ



ಯುದ್ಧದಲ್ಲಿ ಮಡಿದ ವಿಮಾನಯೋಧರೊಬ್ಬರ ಬಗ್ಗೆ ಮಾತಾಡಿ ಎಂದು ಈ ದತ್ತಿ ಉಪನ್ಯಾಸದವರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ವಿಮಾನವಲ್ಲ, ನಮ್ಮ ಕುಂದಗೋಳ ಸೀಮೆಯ ಬೆಟದೂರಿನ ದಾರಿ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿ ಬಂದ್ವಿ’ ಅಂತೀವಿ. 2016ರ ಫೆಬ್ರುವರಿ 12ರಂದು ಬೆಟದೂರಿಗೆ ಹೋದ ಜನಸಾಗರ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಮಣ್ಣಿಗೆ ಹೋಗಿತ್ತು.

ಆ ಕಥೆ ನಿಮಗೆಲ್ಲ ಬಾಯಿಪಾಠ. ಶಾಲೆಗಾಗಿ ದಿನಾ ಆರು ಕಿಲೋಮೀಟರ್ ನಡೆದ ಹುಡುಗ 2002ರಲ್ಲಿ ಸೈನ್ಯ ಸೇರಿದ್ದು; ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯ ಮೇಲೆ ಫೆಬ್ರುವರಿ 3ರಂದು ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದದ್ದು; ಆರನೆಯ ದಿನ 25 ಅಡಿ ಹಿಮದ ಕೆಳಗೆ ಇವರೊಬ್ಬರೇ ಉಸಿರಾಡುತ್ತ ಸಿಕ್ಕದ್ದು; 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡದ್ದು. ಟಿವಿ ಮುಂದೆ ಕೂತ ದೇಶವೇ ಅವರ ಒಂದೊಂದು ಉಸಿರನ್ನೂ ಎಣಿಸಿತು. ಹೀಗೆ ಎಣಿಸಲು ಯಾರೂ ಇರದಿದ್ದ ಇನ್ನೊಂದು ಸಾವಿನ ಕಥೆಯನ್ನು ಇವತ್ತು ಹೇಳುತ್ತೇನೆ.

ಕೊಡಗಿನ ಅಜ್ಜಮಾಡ ಮನೆತನದ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರ ಯುದ್ಧ ಶುರುವಾಗುವ ಹೊತ್ತಿಗೆ ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಮೇಷ್ಟ್ರು. ಅಲ್ಲಿಂದ ಅವರನ್ನು ಒಂದನೇ ಸ್ಕ್ವಾಡ್ರನ್ನಿಗೆ ಕಳಿಸಿದರು.

ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಪಟ್ಟಿಯಲ್ಲಿ ಇದ್ದದ್ದು ಬದಲಿಯಾಗಿ. ಹೋಗಬೇಕಾದ ಹನ್ನೆರಡರಲ್ಲಿ ಒಂದು ಹಿಂದೆ ಉಳಿದದ್ದರಿಂದ ಇವರಿಗೆ ಪಾಳಿ ಬಂತು. ಮದುವೆ ಊಟದಲ್ಲಿ ಖಾಲಿ ಎಲೆಗೆ ಯಾರನ್ನೋ ಕರೆದು ಕೂರಿಸುವ ಹಾಗೆ ಎಂದರೆ ಒರಟಾದೀತು. ಆದರೆ ಇಂಥ ಸಾವುಗಳು ಹೀಗೇ ಬರುತ್ತವೆ.

ಮಿಸ್ಟೇರ್ ಬಗ್ಗೆ ಒಂದು ಮಾತು. ಅದು ಬಾಂಬು ಹಾಕುತ್ತಿತ್ತು, ಕಾದಾಡಲೂ ಬರುತ್ತಿತ್ತು. ಎರಡನೇ ಮಹಾಯುದ್ಧದ ದೊಡ್ಡ ಬಾಂಬರುಗಳಲ್ಲಿ ಏಳೆಂಟು ಮಂದಿ ಒಟ್ಟಿಗೆ ಕೂರುತ್ತಿದ್ದರು, ಒಬ್ಬರಿಗೆ ಒಬ್ಬರು ಸಾಕ್ಷಿ. ಮಿಸ್ಟೇರ್‌ನಲ್ಲಿ ಇರುವ ಸೀಟು ಒಂದೇ. ಮುಂದೆ ಆದದ್ದಕ್ಕೆಲ್ಲ ಆ ಒಂದೇ ಸೀಟು ಕಾರಣ.

ದೇವಯ್ಯನವರನ್ನು ತಡೆದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಪಾಕಿಸ್ತಾನದ ಸ್ಟಾರ್‌ಫೈಟರ್. ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮೀರಲಾಗದ ಮಿಸ್ಟೇರ್‌ಗೆ ಓಡಿಹೋಗುವ ದಾರಿಯೇ ಇರಲಿಲ್ಲ. ಪೈಲಟ್ ಅಮ್ಜದ್ ಹುಸೇನ್ ಗುಂಡು ಹಾರಿಸಿ, ಕೆಲಸ ಮುಗಿಯಿತೆಂದು ಬೇರೆ ಕಡೆ ತಿರುಗಿದರು. ಮುಗಿದಿರಲಿಲ್ಲ. ಪೆಟ್ಟು ತಿಂದ ದೇವಯ್ಯ ಅವರ ಮೇಲೆಯೇ ತಿರುಗಿಬಿದ್ದರು. ಕೊನೆಗೆ ಎರಡೂ ವಿಮಾನಗಳು ನೆಲ ಕಂಡವು. ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿದರು. ದೇವಯ್ಯ ಬದುಕಲಿಲ್ಲ. ವಯಸ್ಸು ಮೂವತ್ತೆರಡು.

ಇತ್ತ ಆದಂಪುರದಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಜೊತೆಗೆ ಹೋಗಿ ಬಂದವರು ಕಾಳಗ ಕಂಡಿರಲಿಲ್ಲ. ಕಡತದಲ್ಲಿ ಬರೆದದ್ದು ‘ಕಾಣೆ’. ಎತ್ತು ಕಳೆದರೂ ಸಂತೆ ಸಂತೆ ಅಲೆದು ಹುಡುಕುವ ಒಕ್ಕಲುತನದವರು ನಾವು. ಮನೆಮಗ ಕಾಣೆ ಅಂದರೆ ಎಲ್ಲಿ ಹುಡುಕುವುದು? ತಿಥಿ ಮಾಡುವುದೋ, ಬಾಗಿಲು ತೆರೆದು ಕಾಯುವುದೋ?

ಸುದ್ದಿ ಬಂದದ್ದು 1979ರಲ್ಲಿ, ಅದೂ ವೈರಿಯ ಕಡೆಯಿಂದ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಕಾಳಗದ ವಿವರ ಇತ್ತು. ಸ್ಟಾರ್‌ಫೈಟರ್ ಕೆಡವಿದ ಮಿಸ್ಟೇರ್ ಯಾರದು ಎಂದು ಇಲ್ಲಿಯವರು ತಾಳೆ ಹಾಕಿದಾಗ ಉಳಿದದ್ದು ಒಂದೇ ಹೆಸರು. ಅಂದು ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ತಮ್ಮ ಜೊತೆಗಾರನಿಗಾಗಿ ವಾಯುಪಡೆಯ ಮುಖ್ಯ ಕಚೇರಿಯ ಬೆನ್ನು ಬಿಡಲಿಲ್ಲ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಇಪ್ಪತ್ತಮೂರು ವರ್ಷ!

ನನ್ನನ್ನು ಕಾಡುವುದು ಚಕ್ರ ತಡವಾದದ್ದಲ್ಲ. ಆ ಶೌರ್ಯಕ್ಕೆ ಇದ್ದ ಒಬ್ಬನೇ ಸಾಕ್ಷಿ ಅವರನ್ನು ಕೊಲ್ಲಲು ಬಂದವನು. ಅವನು ಬದುಕಿ ಬಾಯಿ ಬಿಟ್ಟದ್ದಕ್ಕೆ ನಮಗೆ ದೇವಯ್ಯ ಸಿಕ್ಕರು. ಇಬ್ಬರೂ ಅಲ್ಲೇ ಸತ್ತಿದ್ದರೆ ‘ಕಾಣೆ’ ಎಂಬ ಆ ಪದವೇ ಇಂದಿಗೂ ಉಳಿಯುತ್ತಿತ್ತು.

ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ, ಹೋದವರು ನೋಡಿ ಬನ್ನಿ. ದೇಹ ಸಿಕ್ಕದ್ದು ಪಾಕಿಸ್ತಾನದ ಹಳ್ಳಿಯವರಿಗೆ, ಹೂಳಿದ್ದೂ ಅವರೇ ಎಂಬ ಮಾತು ಆ ಕಡೆಯಿಂದ ಬಂದಿದೆ. ಹೌದಾದರೆ, ಹೆಸರು ಗೊತ್ತಿಲ್ಲದ, ನಮ್ಮ ಹಾಗೇ ಹೊಲ ಮಾಡುವ ನಾಲ್ಕು ಮಂದಿ ಆವತ್ತು ದೇವಯ್ಯನವರ ಮಣ್ಣಿಗೆ ಹೋಗಿದ್ದರು.