ನಾವು ಕೆಲಸ ಮಾಡೋ ಜಾಗ ಹೇಗಿರಬೇಕು?



ವಾರ್ಷಿಕೋತ್ಸವದಲ್ಲಿ ಏನಾದ್ರೂ ಮಾತಾಡು ಅಂತ ಕಾರ್ಯದರ್ಶಿ ಅಣ್ಣ ಹೇಳಿದಾಗ, ಕೆಲಸದ ಜಾಗದ ಬಗ್ಗೆ ಮಾತಾಡ್ತೀನಿ ಅಂದೆ. ಯಾಕಂದ್ರೆ ನಮ್ಮ ಸಂಘದಲ್ಲಿ ಬಹಳ ಜನ ಬೆಳಕು ಹರಿಯೋ ಮುಂಚೆ ಕಂಪನಿ ಬಸ್ಸಿಗೆ ನಿಲ್ಲುವವರು. ಹೊಸೂರಿಗೆ ಸಿಪ್ಕಾಟ್ ಬಂದಿದ್ದು 1970ರ ದಶಕದಲ್ಲಿ. ಬೇರೆಯವರ ಹೊಲದಲ್ಲಿ ದುಡಿದು ಸವೆದ ನಮ್ಮ ಹಿರಿಯರು, ಗೇಟಿನೊಳಗೆ ಯೂನಿಫಾರ್ಮ್ ಹಾಕಿಕೊಂಡ್ರೆ ಎಲ್ಲರೂ ಒಂದೇ ಅಂತ ನಂಬಿ ಮಕ್ಕಳನ್ನು ಕಳಿಸಿದರು. ಆ ನಂಬಿಕೆ ಅರ್ಧ ನಿಜ ಆಗಿದೆ. ಉಳಿದ ಅರ್ಧದ ಬಗ್ಗೆ ನನ್ನ ಮಾತು.

ಈಗ ಎಲ್ಲಾ ಕಂಪನಿಯಲ್ಲೂ ‘ಒಳ್ಳೆ ವಾತಾವರಣ’ ಅನ್ನೋ ಮಾತು ಕೇಳಿಸ್ತದೆ. ಹುಟ್ಟಿದ ಹಬ್ಬಕ್ಕೆ ಕೇಕ್, ಯೋಗ ದಿನಕ್ಕೆ ಟೀ ಶರ್ಟ್. ಬೇಡ ಅನ್ನಲ್ಲ, ಕೇಕ್ ಯಾರಿಗೆ ಬೇಡ! ಆದ್ರೆ ಕೆಲಸದ ಜಾಗ ಚೆನ್ನಾಗಿದೆಯಾ ಅಂತ ತಿಳೀಬೇಕಾದ್ರೆ ಊಟದ ಹೊತ್ತಲ್ಲಿ ಹೋಗಿ ನೋಡಬೇಕು. ಯಾರ ಪಕ್ಕ ಯಾರು ಕೂರ್ತಾರೆ, ಯಾರ ಡಬ್ಬಿಗೆ ಯಾರು ಕೈ ಹಾಕ್ತಾರೆ, ಯಾರು ಒಬ್ಬರೇ ಮೂಲೆಯಲ್ಲಿ ತಿಂತಾರೆ.

ನೂರು ವರ್ಷದ ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗಕ್ಕೆ ಸಂಬಳ ಜಾಸ್ತಿ. ಆದ್ರೆ ಅಲ್ಲಿಗೆ ನಮ್ಮವರನ್ನು ಬಿಡ್ತಿರಲಿಲ್ಲ. ಕಾರಣ ಏನು ಗೊತ್ತಾ? ಲಾಳಿಯ ತೂತಿನಿಂದ ನೂಲಿನ ತುದಿಯನ್ನು ಬಾಯಲ್ಲಿ ಎಳೀಬೇಕಿತ್ತು. ನಮ್ಮವರ ಎಂಜಲು ತಾಗಿದ್ದನ್ನ ಮುಟ್ಟಲ್ಲ ಅಂತ ಜೊತೆಗಾರ ಕಾರ್ಮಿಕರೇ ಹಠ ಹಿಡಿದಿದ್ರು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ ಅಂತ ಪಟ್ಟು ಹಿಡಿದರು. ಸಂಘದ ನಾಯಕರು ಒಲ್ಲದ ಮನಸ್ಸಿಂದ ಒಪ್ಪಿಕೊಂಡರು. ಮಾಲೀಕರು ಮಾತ್ರ, ಇದು ಅನ್ಯಾಯವೇ ಆದರೂ ನಾವು ಮಾಡಿದ್ದಲ್ಲ ಅಂತ ಜಾರಿಕೊಂಡರು. ನನಗೆ ಇದನ್ನು ಓದಿದಾಗ ಅನ್ನಿಸಿದ್ದು ಇಷ್ಟೇ: ಗೋಡೆ ಮೇಲೆ ಅಂಟಿಸಿರೋ ನಿಯಮ ಬೇರೆ, ಪಕ್ಕದ ಮೆಷಿನ್ನಿನವನ ಮನಸ್ಸು ಬೇರೆ. ಎರಡರ ಜೊತೆಗೂ ಗುದ್ದಾಡಬೇಕು.

ಇವತ್ತು ಯಾರೂ ನೇರವಾಗಿ ಜಾತಿ ಕೇಳಲ್ಲ. “ಯಾವೂರು ತಮ್ಮಾ?” ಅಂತಾರೆ. ಹೇಳಿದ್ರೆ, “ಊರೊಳಗಾ, ಕಾಲೋನಿಯಾ?” ಅಂತ ಇನ್ನೊಂದು ಪ್ರಶ್ನೆ. ಅಷ್ಟು ಸಾಕು, ಮಾರನೇ ದಿನದಿಂದ ಮಾತಿನ ಧಾಟಿನೇ ಬದಲಾಗ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಭಾಷೆಯಲ್ಲಿ ಈ ಪ್ರಶ್ನೆ ಒಂದೇ ಥರ ಇರ್ತದೆ ನೋಡಿ! ನಮ್ಮ ಬೀದಿಯ ಅಕ್ಕ ಒಬ್ಬರು ಪ್ಯಾಕಿಂಗ್ ಕೆಲಸಕ್ಕೆ ಅಂತ ಸೇರಿದವರು. ಕಕ್ಕಸು ತೊಳೆಯೋರು ರಜಾ ಹಾಕಿದ ದಿನ ಮೇಸ್ತ್ರಿ ಕೂಗೋದು ಇವರ ಹೆಸರನ್ನೇ. ಲೈನಿನಲ್ಲಿ ಹದಿನೈದು ಜನ ಇದ್ದಾರೆ, ಹದಿನಾಲ್ಕು ಜನರ ಹೆಸರು ಅವನಿಗೆ ಮರೆತುಹೋಗ್ತದೆ. ಇಂಥ ಕಡೆ ನಗುನಗುತ್ತಾ ಕೆಲಸ ಮಾಡಿ ಅಂದ್ರೆ ಹೇಗೆ?

ಗಂಟೆಯ ಲೆಕ್ಕಕ್ಕೆ ಬರ್ತೀನಿ. ಬಾಬಾಸಾಹೇಬರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ 1942ರಿಂದ 1946ರ ತನಕ ಕಾರ್ಮಿಕ ಸದಸ್ಯರಾಗಿದ್ದರು. ವಾರಕ್ಕೆ 54 ಗಂಟೆ ಇದ್ದ ಕಾರ್ಖಾನೆ ಕೆಲಸ 48ಕ್ಕೆ ಇಳಿದಿದ್ದು ಅವರು ತಂದ 1946ರ ತಿದ್ದುಪಡಿಯಿಂದ. 2023ರ ಏಪ್ರಿಲ್‌ನಲ್ಲಿ ನಮ್ಮ ತಮಿಳುನಾಡು ವಿಧಾನಸಭೆಯಲ್ಲೇ ದಿನಕ್ಕೆ 12 ಗಂಟೆ ಕೆಲಸಕ್ಕೆ ದಾರಿ ಮಾಡಿಕೊಡೋ ಮಸೂದೆ ಪಾಸಾಯ್ತು. ಕಾರ್ಮಿಕ ಸಂಘಗಳು ಎದ್ದು ನಿಂತವು, ಮೇ ದಿನದಂದು ಮುಖ್ಯಮಂತ್ರಿಗಳು ವಾಪಸ್ ತಗೊಂಡ್ವಿ ಅಂತ ಹೇಳಿದರು. ತಳಿಯಿಂದಲೋ ಡೆಂಕಣಿಕೋಟೆಯಿಂದಲೋ ಬರೋ ಹುಡುಗಿಗೆ 12 ಗಂಟೆಯ ಜೊತೆ ಬಸ್ಸಿನ ಹೊತ್ತೂ ಸೇರಿಸಿ ನೋಡಿ. ಮನೆಗೆ ಬರೋದು ನಿದ್ದೆಗೆ ಮಾತ್ರ. 2021ರಲ್ಲಿ ಇದೇ ಸರ್ಕಾರ ಒಂದು ಒಳ್ಳೇ ತಿದ್ದುಪಡಿನೂ ತಂತು: ಅಂಗಡಿ ಕೆಲಸದವರಿಗೆ ಕೂರೋಕೆ ಆಸನ ಕೊಡಲೇಬೇಕು ಅಂತ. ಹಬ್ಬದ ಸೀರೆ ತಗೊಳ್ಳೋಕೆ ಬಟ್ಟೆ ಅಂಗಡಿಗೆ ಹೋದಾಗ ಸ್ಟೂಲು ಇದೆಯಾ, ಇದ್ರೆ ಅದರ ಮೇಲೆ ಯಾರಾದ್ರೂ ಕೂತಿದಾರಾ ಅಂತ ಒಮ್ಮೆ ನೋಡಿ.

ಆರೋಗ್ಯ ಅಂದ್ರೆ ಮೊದಲು ಜೀವ. 2023ರ ಅಕ್ಟೋಬರ್ 7ನೇ ತಾರೀಕು ಗಡಿಯಾಚೆ ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಬಹುಪಾಲು ತಮಿಳುನಾಡಿನ ಹುಡುಗರು. ದೀಪಾವಳಿ ಮುಂಚೆ ನಾಲ್ಕು ಕಾಸು ಸಂಪಾದಿಸೋಣ ಅಂತ ಬಂದಿದ್ದ ವಿದ್ಯಾರ್ಥಿಗಳೂ ಅದರಲ್ಲಿದ್ದರು, ನನ್ನ ವಯಸ್ಸಿನವರು. ರಜಾ ಕೆಲಸಕ್ಕೆ ಕರೆಯೋರು ದಿನಗೂಲಿ ಎಷ್ಟು ಅಂತ ಹೇಳ್ತಾರೆ. ಹೊರಗೆ ಓಡೋಕೆ ಇನ್ನೊಂದು ಬಾಗಿಲಿದೆಯಾ ಅಂತ ನಾವೇ ಕೇಳಬೇಕು. ಗುಲಾಬಿ ಪಾಲಿಹೌಸಿಗೆ ಹೋಗೋ ಅಮ್ಮಂದಿರೂ ಕೇಳಬೇಕು, ಔಷಧಿ ಹೊಡೆದು ಎಷ್ಟು ಹೊತ್ತಾಯ್ತು, ಒಳಗೆ ಹೋಗಬಹುದಾ ಅಂತ.

ಒಬ್ಬರೇ ಕೇಳಿದ್ರೆ ‘ನಾಳೆಯಿಂದ ಬರಬೇಡ’ ಅಂತಾರೆ, ನಿಜ. ಕಾಂಟ್ರಾಕ್ಟ್ ಕೆಲಸದಲ್ಲಿ ಅದಕ್ಕೆ ಒಂದು ಫೋನು ಸಾಕು. ಅದಕ್ಕೇ ಒಂದೇ ಬಸ್ಸಲ್ಲಿ ಹೋಗೋ ಹತ್ತು ಜನ ಸೇರಿ ಕೇಳಬೇಕು, ಆ ಹತ್ತರಲ್ಲಿ ಬೇರೆ ಬೀದಿಯವರೂ ಇರಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಹೆಣ್ಣುಮಕ್ಕಳ ಲೈಂಗಿಕ ಕಿರುಕುಳದ ದೂರು ಕೇಳೋ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳ್ತದೆ. ನಿಮ್ಮ ಕಂಪನಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ನಿಮಗೆ ಗೊತ್ತಾ ಅಕ್ಕಾ?

ಕೊನೆಗೆ ಒಂದು ಕೆಲಸದ ಮಾತು. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರೋರಿಗೆ ಇಎಸ್‌ಐ ಉಂಟು. ನಮ್ಮ ಸಂಬಳದಲ್ಲಿ ನೂರಕ್ಕೆ 75 ಪೈಸೆ ಹಿಡೀತಾರೆ, ಕಂಪನಿ ಮೂರೂಕಾಲು ರೂಪಾಯಿ ಹಾಕಬೇಕು. ಹಿಡಿದದ್ದನ್ನ ಕಟ್ಟಿದಾರಾ ಇಲ್ವಾ ಅಂತ ಬಹಳ ಜನ ನೋಡೇ ಇಲ್ಲ. ಮುಂದಿನ ಭಾನುವಾರ ಸಂಜೆ ಸಂಘದ ಕೋಣೆಯಲ್ಲಿ ಕಾಲೇಜಿನ ನಾವು ಮೂರ್ನಾಲ್ಕು ಜನ ಕೂತಿರ್ತೀವಿ. ಪೇ ಸ್ಲಿಪ್, ಆಧಾರ್, ಮೊಬೈಲ್ ತನ್ನಿ. ಇಎಸ್‌ಐ, ಪಿಎಫ್ ಎರಡನ್ನೂ ತೆಗೆದು ನೋಡೋಣ. ಪೇ ಸ್ಲಿಪ್ಪೇ ಕೊಡದ ಕಾಂಟ್ರಾಕ್ಟರ್ ಹತ್ರ ಇರೋರು ಐಡಿ ಕಾರ್ಡ್ ಹಿಡ್ಕೊಂಡು ಬನ್ನಿ.