ಉಳಿದ ಬನ್ನಿನ ಪುಡಿಂಗು



ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದ ನಂಟರು, ದರ್ಶನ ಮುಗಿಸಿ ಬೈಲಹೊಂಗಲದ ನಮ್ಮ ಮನೆಗೆ ಬರುವುದು ವಾಡಿಕೆ. ಕಿತ್ತೂರಿನವರಿಗೆ ಇದು ಊರಿನ ದಾರಿ. ರಾಮದುರ್ಗದವರು ನನ್ನ ತವರಿನವರು. ಒಂದು ವರ್ಷ ಅವರಿಗೆಂದು ಬೇಕರಿಯಿಂದ ಎರಡು ಡಜನ್ ಸಿಹಿ ಬನ್ನು ತರಿಸಿದ್ದೆ. ಬಂದವರ ಬುತ್ತಿಯಲ್ಲಿ ಹೋಳಿಗೆ, ಕಡಬುಗಳೇ ಬೇಕಾದಷ್ಟಿದ್ದವು. ಬನ್ನುಗಳನ್ನು ಕೇಳುವವರೇ ಇರಲಿಲ್ಲ.

ಮೂರನೆಯ ದಿನ, ಬಿರುಸಾದ ಬನ್ನುಗಳನ್ನು ಪಾತ್ರೆ ತಿಕ್ಕುವಾಕೆಯ ಸೆರಗಿಗೆ ಹಾಕಿದೆ. ಆಕೆ ಒಂದನ್ನು ಒತ್ತಿ ನೋಡಿ, “ಅಕ್ಕಾರ, ಇದನ್ನ ನೀವು ತಿಂತೀರೇನ್ರೀ?” ಎಂದು ಮೆಲ್ಲಗೆ ಕೇಳಿದಳು. ನಾನು ಉತ್ತರ ಕೊಡಲಾರದೆ ಹೋದೆ. ನಾವು ತಿನ್ನದುದನ್ನು ಇನ್ನೊಬ್ಬರಿಗೆ ಕೊಡುವುದು ದಾನವೂ ಅಲ್ಲ, ಉಳಿತಾಯವೂ ಅಲ್ಲ. ಉಳಿದುದನ್ನು ನಾವೇ ಬಯಸಿ ತಿನ್ನುವಂತೆ ಮಾಡುವುದೇ ಗೃಹಿಣಿಯ ಜಾಣತನ.

ನಿನ್ನಿನ ಚಪಾತಿಗೆ ಬೆಲ್ಲ, ತುಪ್ಪ ಕೂಡಿಸಿ ಉಂಡೆ ಕಟ್ಟುವುದು ನಮಗೆ ಹೊಸದಲ್ಲ. ಇಂಗ್ಲಂಡಿನವರು ಹಳೆಯ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಪುಡಿಂಗು ಬೇಯಿಸುವುದೂ ಇದೇ ಜಾಣತನ. ಅದನ್ನು ಬನ್ನಿನಿಂದ, ತತ್ತಿಯಿಲ್ಲದೆ ಮಾಡುವ ಬಗೆಯನ್ನು ಹೇಳುತ್ತೇನೆ.

ನಿನ್ನಿನ ನಾಲ್ಕು ಬನ್ನು ತೆಗೆದುಕೊಳ್ಳಿರಿ. ಎಲ್ಲಿಯಾದರೂ ಬೂಸು ಹಿಡಿದಿದ್ದರೆ ಇಡೀ ಬನ್ನನ್ನೇ ಎಸೆಯಿರಿ. ಮೇಲಿನದನ್ನು ಕಿತ್ತರೂ ಅದರ ಎಳೆಗಳು ಒಳಗೆ ಉಳಿದಿರುತ್ತವೆ. ಬನ್ನುಗಳನ್ನು ಚೂರು ಮಾಡಿ, ತುಪ್ಪ ಸವರಿದ ಅಗಲ ಪಾತ್ರೆಯಲ್ಲಿ ಹರಡಿ, ಒಣದ್ರಾಕ್ಷಿ ಉದುರಿಸಿರಿ.

ಇನ್ನು ಹಸಿರು ಚಹಾ. ಇದೂ ನಮ್ಮ ಚಹಾದ ಗಿಡದ ಎಲೆಯೇ; ಕಿತ್ತ ಕೂಡಲೇ ಬಿಸಿ ತಗುಲಿಸುವುದರಿಂದ ಕಪ್ಪಾಗುವುದಿಲ್ಲ. ಇದನ್ನು ಕುದಿಸಬಾರದು, ಕಹಿಯಾಗುತ್ತದೆ. ಕುದಿದ ನೀರನ್ನು ಕೆಳಗಿಳಿಸಿ, ಸ್ವಲ್ಪ ಆರಿದ ಮೇಲೆ, ಅರ್ಧ ಬಟ್ಟಲು ನೀರಿಗೆ 2 ಸಣ್ಣ ಚಮಚ ಎಲೆ ಹಾಕಿ, 3 ನಿಮಿಷಕ್ಕೆ ಸೋಸಿರಿ. ಇದರ ತುಸು ಒಗರು ಬನ್ನಿನ ಸಿಹಿಯನ್ನು ಹದಕ್ಕೆ ತರುತ್ತದೆ. ಚಿಕ್ಕ ಮಕ್ಕಳಿಗಾದರೆ ಚಹಾ ಬಿಟ್ಟು ಮಜ್ಜಿಗೆ ಹುಲ್ಲಿನ ನೀರು ಹಾಕಬಹುದು.

ಒಂದೂವರೆ ಬಟ್ಟಲು ಹಾಲಿನಲ್ಲಿ ಸ್ವಲ್ಪವನ್ನು ತಣ್ಣಗೇ ಇಟ್ಟುಕೊಂಡು, ಅದರಲ್ಲಿ 2 ದೊಡ್ಡ ಚಮಚ ಕಸ್ಟರ್ಡ್ ಪುಡಿ ಕದಡಿರಿ. ಉಳಿದ ಹಾಲಿಗೆ 2 ದೊಡ್ಡ ಚಮಚ ಸಕ್ಕರೆ ಹಾಕಿ ಕಾಯಿಸಿ, ಕದಡಿದ್ದನ್ನು ಸುರಿದು, ಗಂಟಾಗದಂತೆ ತಿರುವಿರಿ. ಬಿಸಿ ಹಾಲಿಗೆ ಬೆಲ್ಲ ಬೇಡ, ಒಡೆದೀತು. ತುಸು ಗಟ್ಟಿಯಾದೊಡನೆ ಇಳಿಸಿ, ಚಹಾ ಬೆರೆಸಿ, ಬನ್ನಿನ ಮೇಲೆ ಹೊಯ್ದು ಕಾಲು ಗಂಟೆ ನೆನೆಯಬಿಡಿರಿ.

ಓವನ್ ಇಲ್ಲವೆಂದು ಕೈಬಿಡಬೇಡಿರಿ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳಷ್ಟು ಒಣ ಮರಳು ಹಾಕಿ, ಮುಚ್ಚಿ, 10 ನಿಮಿಷ ಕಾಯಿಸಿರಿ. ಮರಳಿನ ಮೇಲೆ ಸಿಂಬೆಯಂಥ ಕಬ್ಬಿಣದ ಬಳೆಯನ್ನಿಟ್ಟು, ಅದರ ಮೇಲೆ ಪುಡಿಂಗಿನ ಪಾತ್ರೆ ಇರಿಸಿ, ಮತ್ತೆ ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿರಿ. ಚಾಕು ಚುಚ್ಚಿದರೆ ಹಸಿ ಹಾಲು ಅಂಟದಿದ್ದರೆ ಆಯಿತು. ಆರಿದ ಮೇಲೆ ಕತ್ತರಿಸಿರಿ. ಅಂದೇ ತಿಂದು ಮುಗಿಸುವುದು ಲೇಸು.

ಮುಂದಿನ ಭಾರತ ಹುಣ್ಣಿಮೆಗೆ ನಾನಿದನ್ನು ಮಾಡಿದಾಗ, ನಂಟರೊಡನೆ ಆಕೆಗೂ ಒಂದು ತಟ್ಟೆ ಕೊಟ್ಟು, ನಾನೂ ಜೊತೆಗೆ ಕುಳಿತು ತಿಂದೆ. ಆಕೆ ರುಚಿ ನೋಡಿ, “ಚಹಾದ ವಾಸನಿ ಬರತೈತಿ ನೋಡ್ರಿ” ಎಂದು ನಕ್ಕಳು. ಇನ್ನೊಂದು ತುಂಡು ಕೇಳಿದಳು. ನನಗೆ ಅಷ್ಟು ಸಾಕಾಯಿತು.