ಮನೆಯಲ್ಲಿ ಕುಳಿತು ನೋಡಿದ ಎರಡು ಚಿತ್ರಗಳು
(ಮಂಗಳೂರಿನಲ್ಲಿ ನಡೆದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಟಿ.ವಿ. ಮತ್ತು ಸಿನಿಮಾದ ಕುರಿತು ಮಾತಾಡಬೇಕೆಂದು ಸಂಘಟಕರು ಕೇಳಿಕೊಂಡಾಗ, ಅದು ಮನೆಯಲ್ಲಿ ಇರಬೇಕೋ ಬೇಡವೋ ಎಂಬ ಚರ್ಚೆಯನ್ನು ನಾನು ಮಾಡಲಾರೆನೆಂದು ಮೊದಲೇ ತಿಳಿಸಿದ್ದೆ. ಆ ಚರ್ಚೆ ನಮ್ಮಲ್ಲಿ ದಶಕಗಳಿಂದ ನಡೆಯುತ್ತಿದೆ. ಅದು ನಡೆಯುತ್ತಿರುವಾಗಲೇ ಟಿ.ವಿ. ಚಾವಡಿಗೆ ಬಂತು, ಅಲ್ಲಿಂದ ಮಲಗುವ ಕೋಣೆಗೆ ಹೋಯಿತು, ಈಗ ಮಕ್ಕಳ ಅಂಗೈಗೆ ಬಂದು ಕುಳಿತಿದೆ. ನಾವು ನೋಡುತ್ತೇವೆ. ಆದರೆ ನೋಡಿದ್ದರ ಕುರಿತು ಊಟದ ಹೊತ್ತಿನಲ್ಲಿ ಮಕ್ಕಳೊಂದಿಗೆ ಎರಡು ಮಾತು ಆಡುವವರು ನಮ್ಮಲ್ಲಿ ಎಷ್ಟು ಮಂದಿ? ನೋಡಿದ್ದೇವೆಂದು ಒಪ್ಪಿಕೊಳ್ಳುವುದಕ್ಕೇ ನಮಗೆ ಸಂಕೋಚ. ಆದ್ದರಿಂದ ಇಂದು ನಾನು ನನ್ನ ಮನೆಯಲ್ಲಿ ಕುಳಿತು ನೋಡಿದ ಎರಡು ಕನ್ನಡ ಚಿತ್ರಗಳ ಬಗ್ಗೆ ಮಾತಾಡುತ್ತೇನೆ. ನಾನು ಸಿನಿಮಾ ಪಂಡಿತನಲ್ಲ. ತಪ್ಪಿದ್ದರೆ ತಿದ್ದಿ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ದೂರದರ್ಶನದಲ್ಲಿ ರಾಮಾನಂದ ಸಾಗರ್ ಅವರ ರಾಮಾಯಣ ಬರುತ್ತಿದ್ದ 1987-88ರ ಆದಿತ್ಯವಾರಗಳಲ್ಲಿ ನೆರೆಯ ಹಿಂದೂ ಕುಟುಂಬದ ಚಾವಡಿಯಲ್ಲಿ ಚಾಪೆ ಹಾಸುತ್ತಿದ್ದರು. ನಾವೂ ಹೋಗಿ ಕುಳಿತುಕೊಳ್ಳುತ್ತಿದ್ದೆವು. ಯಾರೂ ಬೇಡವೆನ್ನಲಿಲ್ಲ. ಉಮ್ಮ ಮಾತ್ರ, ಅವರ ಊಟದ ಹೊತ್ತಿನವರೆಗೆ ಅಲ್ಲಿ ಕುಳಿತಿರಬೇಡಿ ಎಂದು ಹೇಳಿ ಕಳುಹಿಸುತ್ತಿದ್ದರು. ಆ ಚಾಪೆಯ ನೆನಪು ಬಲವಾಗಿ ಬಂದದ್ದು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಚಿತ್ರವನ್ನು ನೋಡಿದಾಗ. 2008ರ ಈ ಚಿತ್ರಕ್ಕೆ ಆಧಾರ ಕುಂದಾಪುರದವರಾದ ವೈದೇಹಿಯವರ ಕಥೆ. ಮೂಲ ಕಥೆಯಲ್ಲಿರುವುದು ಚಿತ್ರಮಂದಿರ, ಟಿ.ವಿ.ಯನ್ನು ತಂದವರು ಕಾಸರವಳ್ಳಿ.

ಕರಾವಳಿಯ ಒಂದು ಮೀನುಗಾರರ ಹಳ್ಳಿ. ಗುಲಾಬಿ ಅಲ್ಲಿನ ಸೂಲಗಿತ್ತಿ, ಮುಸ್ಲಿಮ್ ಮಹಿಳೆ. ಗಂಡ ಇನ್ನೊಬ್ಬಳನ್ನು ಮದುವೆಯಾಗಿ ದೂರವಾಗಿದ್ದಾನೆ. ಆಕೆಗಿರುವುದು ಸಿನಿಮಾದ ಹುಚ್ಚೊಂದೇ. ಹೆರಿಗೆ ಮಾಡಿಸಿದ ಉಪಕಾರಕ್ಕಾಗಿ ಒಂದು ಕುಟುಂಬ ಆಕೆಗೆ ಬಣ್ಣದ ಟಿ.ವಿ.ಯನ್ನೂ ಡಿಶ್ ಆಂಟೆನಾವನ್ನೂ ಕೊಡುತ್ತದೆ. ಹಳ್ಳಿಯ ಹೆಂಗಸರು ಒಬ್ಬೊಬ್ಬರಾಗಿ ಆಕೆಯ ಮನೆಗೆ ಬರತೊಡಗುತ್ತಾರೆ. ಕೆಲವರು ಮುಸ್ಲಿಮಳ ಮನೆಯೆಂದು ಒಳಗೆ ಕಾಲಿಡುವುದಿಲ್ಲ. ಅಷ್ಟರಲ್ಲಿ 1999ರ ಕಾರ್ಗಿಲ್ ಯುದ್ಧ ಬರುತ್ತದೆ. ಸಣ್ಣ ದೋಣಿಯವರಿಗೂ ದೊಡ್ಡ ಯಾಂತ್ರಿಕ ದೋಣಿಗಳ ಒಡೆಯರಿಗೂ ಇದ್ದ ಹೊಟ್ಟೆಪಾಡಿನ ಜಗಳ, ನೋಡನೋಡುತ್ತಿದ್ದಂತೆ ಹಿಂದೂ-ಮುಸ್ಲಿಮ್ ಜಗಳವಾಗಿ ಬದಲಾಗುತ್ತದೆ. ನಮ್ಮ ಧಕ್ಕೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಲಾಬಿ ಊರು ಬಿಡಲು ಒಪ್ಪುವುದಿಲ್ಲ. ಆಕೆಯನ್ನು ಬಲವಂತವಾಗಿ ದೋಣಿ ಹತ್ತಿಸಲಾಗುತ್ತದೆ. ಆಕೆ ಹೋದ ಮೇಲೆ, ಅದುವರೆಗೆ ಆ ಮನೆಯ ಹೊಸ್ತಿಲು ತುಳಿಯದಿದ್ದ ಮುದುಕಿಯರು ಟಿ.ವಿ. ನೋಡಲು ಒಳಗೆ ಬರುತ್ತಾರೆ.

ಈ ಪಾತ್ರಕ್ಕಾಗಿ ಉಮಾಶ್ರೀ ರಾಷ್ಟ್ರ ಪ್ರಶಸ್ತಿ ಪಡೆದರು. ನನಗೆ ಹಿಡಿಸಿದ್ದು, ಗುಲಾಬಿಯನ್ನು ಕಾಸರವಳ್ಳಿಯವರು ಮರುಕ ಹುಟ್ಟಿಸುವ ಬೊಂಬೆಯನ್ನಾಗಿ ಮಾಡದೆ ಇದ್ದುದು. ಆಕೆ ನಗುತ್ತಾಳೆ, ಹಟ ಹಿಡಿಯುತ್ತಾಳೆ, ಸಿನಿಮಾ ನೋಡಲು ಓಡುತ್ತಾಳೆ. ನಮ್ಮ ಮನೆಗಳಲ್ಲಿ ಇಂತಹ ಹೆಂಗಸರು ಧಾರಾಳವಾಗಿದ್ದಾರೆ. ಪರದೆಯ ಮೇಲೆ ಅವರು ತೀರಾ ಅಪರೂಪ. ಮುಸ್ಲಿಮ್ ಹೆಣ್ಣು ಪರದೆಗೆ ಬಂದಳೆಂದರೆ ಒಂದೋ ಗಝಲ್ ಹಾಡಬೇಕು, ಇಲ್ಲವೇ ತಲಾಕ್ ಪಡೆದು ಅಳಬೇಕು. 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಮರಾಠಿಯ 'ದೇವೂಳ್' ಜೊತೆ ಸ್ವರ್ಣಕಮಲ ಹಂಚಿಕೊಂಡ 2011ರ 'ಬ್ಯಾರಿ' ಚಿತ್ರವೂ ಇದಕ್ಕೆ ಹೊರತಲ್ಲ. ನಮ್ಮ ಮನೆಮಾತಿಗೆ ಸಿಕ್ಕ ಗೌರವ ಸಂತೋಷದ ವಿಷಯ. ಆದರೆ ಅಲ್ಲಿಯೂ ತಲಾಕ್.

ಹಾಗಾದರೆ ಸಿನಿಮಾದವರು ನಮ್ಮ ಮೇಲೆ ಸುಳ್ಳು ಹೊರಿಸುತ್ತಿದ್ದಾರೆಯೇ? ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. 2004ರಲ್ಲಿ ಕಾಸರವಳ್ಳಿಯವರೇ ಮಾಡಿದ 'ಹಸೀನಾ' ಬಂದಾಗ, ನೋಡುವ ಮೊದಲೇ ಅದನ್ನು ಖಂಡಿಸಿದವರಲ್ಲಿ ನಾನೂ ಒಬ್ಬ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿದ ಚಿತ್ರವದು. ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತಾಡಿದ್ದಕ್ಕೆ 2000ದಲ್ಲಿ ಹಾಸನದಲ್ಲಿ ಬಹಿಷ್ಕಾರ ಎದುರಿಸಿದ್ದ ಲೇಖಕಿ ಅವರು. ಅದೇ ಕಥೆಯೂ ಸೇರಿದಂತೆ 12 ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ದೀಪಾ ಭಾಸ್ತಿಯವರ ಜೊತೆ, ಅವರು 2025ರ ಮೇಯಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಮ್ಮವರೆಂದು ಹೆಮ್ಮೆಪಟ್ಟೆವು. ಆ ಕಥೆಯಲ್ಲಿ ಏನಿದೆಯೆಂದು ಕೇಳಿದವರು ಕಡಿಮೆ.

ಹಸೀನಾ ಹೆಣ್ಣುಮಕ್ಕಳನ್ನು ಹೆತ್ತವಳು. ಗಂಡ ಅವಳನ್ನು ತೊರೆಯುತ್ತಾನೆ. ಆಕೆ ಜೀವನಾಂಶಕ್ಕಾಗಿ ಮುತವಲ್ಲಿಯ ಬಳಿ ಅಲೆಯುತ್ತಾಳೆ, ಕೊನೆಗೆ ಮಕ್ಕಳೊಂದಿಗೆ ಮಸೀದಿಯ ಮುಂದೆ ಕುಳಿತುಕೊಳ್ಳುತ್ತಾಳೆ. ಆಕೆ ಕೇಳುವುದು ಧರ್ಮವೇ ತನಗೆ ಕೊಟ್ಟ ಹಕ್ಕನ್ನು. ಹೆಣ್ಣು ಹುಟ್ಟಿತೆಂದು ಮುಖ ಕಪ್ಪಾಗಿಸಿಕೊಂಡವರನ್ನು ಪವಿತ್ರ ಕುರ್‌ಆನ್ ಕಟುವಾಗಿ ಖಂಡಿಸಿದೆಯೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ ಪಾತ್ರವಿದು. ಚಿತ್ರದ ಗಂಡಸರಲ್ಲಿ ನ್ಯಾಯದ ಪರ ಗಟ್ಟಿಯಾಗಿ ನಿಲ್ಲುವವನು ಒಬ್ಬನೂ ನನಗೆ ಕಾಣಲಿಲ್ಲ. ಅದು ನನ್ನ ಆಕ್ಷೇಪ. ಅದನ್ನು ಈಗಲೂ ಬಿಟ್ಟಿಲ್ಲ.

ಆದರೆ ಇನ್ನೊಂದು ಮಾತು ಹೇಳಬೇಕಾಗಿದೆ. ನಾವು ಆ ಚಿತ್ರವನ್ನು ಸಿ.ಡಿ. ತಂದು ಮನೆಯಲ್ಲಿ ನೋಡಿದ ರಾತ್ರಿ ನನ್ನ ಚಿಕ್ಕಮ್ಮನೂ ಇದ್ದರು. ಬೀಡಿ ಕಟ್ಟಿ ಮೂವರು ಹೆಣ್ಣುಮಕ್ಕಳನ್ನು ಸಾಕಿದವರು. ಗಂಡ ಪರವೂರಿಗೆ ಹೋಗಿ ಇನ್ನೊಂದು ಸಂಸಾರ ಹೂಡಿದ್ದ. ಹಸೀನಾ ಮುತವಲ್ಲಿಯ ಮುಂದೆ ನಿಲ್ಲುವ ದೃಶ್ಯ ಬರುತ್ತಲೇ ಚಿಕ್ಕಮ್ಮ, ಅಕ್ಕಿ ನೆನೆಹಾಕಬೇಕೆಂದು ಎದ್ದು ಅಡುಗೆಮನೆಗೆ ಹೋದರು. ಬಹಳ ಹೊತ್ತು ಮರಳಲಿಲ್ಲ. ನಾನು ಒಳಗೆ ಹೋದಾಗ ಅಕ್ಕಿ ನೀರಿನಲ್ಲಿ ಆಗಲೇ ನೆನೆಯುತ್ತಿತ್ತು. ಅವರು ಸುಮ್ಮನೆ ನಿಂತಿದ್ದರು. "ನಾನು ಮೂರು ಸಲ ಹೋಗಿದ್ದೆ" ಎಂದರು. "ಮೂರನೆಯ ಸಲ ಹೊರಗಿನಿಂದಲೇ ಕಳುಹಿಸಿದರು. ಕುಳಿತುಕೊಳ್ಳಬಹುದಿತ್ತೆಂದು ನನಗೆ ಹೊಳೆಯಲಿಲ್ಲ."

ನಮ್ಮ ಕುಟುಂಬದಲ್ಲಿ ಆ ಮೂರು ಭೇಟಿಗಳ ವಿಷಯ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಉಂಡು ಮಲಗಿದ ನಮಗೆ ಆಕೆ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಚಿತ್ರ ಸಮುದಾಯದ ಮಾನ ಕಳೆಯಿತೆಂದು ಅಂಗಡಿ ಕಟ್ಟೆಯಲ್ಲಿ ವಾದಿಸುತ್ತಿದ್ದ ನಾನು ಮರುದಿನದಿಂದ ಆ ವಾದಕ್ಕೆ ಹೋಗಲಿಲ್ಲ.

ವರ್ಷಗಳ ಬಳಿಕ ನಮ್ಮ ಮೊಹಲ್ಲಾದಲ್ಲಿ ಇಂತಹದೇ ಒಂದು ಅರ್ಜಿ ಬಂತು. ಎರಡು ಮಕ್ಕಳ ತಾಯಿ, ಗಂಡನಿಂದ ಹಣವಿಲ್ಲ. ವಿಚಾರಣೆಯ ದಿನಾಂಕ ಮುಂದೂಡುತ್ತಲೇ ಇತ್ತು. ನಾನು ಇಬ್ಬರು ಹಿರಿಯರನ್ನು ರಾತ್ರಿ ಚಹಾಕ್ಕೆ ಕರೆದು, ಹಸೀನಾವನ್ನು ಅವರ ಮುಂದೆ ಹಾಕಿದೆ. ಒಬ್ಬರು ಅರ್ಧದಲ್ಲಿಯೇ ಸಿಟ್ಟಾಗಿ ಎದ್ದು ಹೋದರು; ಇಂದಿಗೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ. ಇನ್ನೊಬ್ಬರು ಕೊನೆಯವರೆಗೂ ಕುಳಿತರು. ಚಪ್ಪಲಿ ಮೆಟ್ಟುವಾಗ, ಆ ಹುಡುಗಿಯ ಮನೆ ಯಾವ ಓಣಿಯಲ್ಲಿದೆಯೆಂದು ಕೇಳಿದರು. ನಾನು ಟಾರ್ಚ್ ಹಿಡಿದು ಜೊತೆಗೆ ಹೊರಟೆ.